ಬಿತ್ತದೆ ಬಿಟ್ಟ ಮೋಡ

ಡಕೋಟಾ ವಿಮಾನ ನೆಲದ ಮೇಲಿದ್ದಾಗ ಮೂಗು ಮೇಲೆ, ಬಾಲ ಕೆಳಗೆ. ಹಿಂಬದಿಯ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ನೆಲವೇ ಒಂದು ಏರು. ಆ ಏರಿನಲ್ಲಿ ಉಪ್ಪಿನ ಚೀಲ ಹೊತ್ತು ನಡೆದದ್ದು ಮೋಡ ಬಿತ್ತನೆಯಲ್ಲಿ ನಾನು ಮಾಡಿದ ಮೊದಲ ಕೆಲಸ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಪುಣೆಯಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತೆಂದು ಊರಲ್ಲೆಲ್ಲ ಪೇಡೆ ಹಂಚಿ ಬಂದಿದ್ದೆ. ಮೊದಲ ವಾರ ಕೈಗೆ ಬಂದದ್ದು ಚೀಲ. ಅದನ್ನು ಅಲ್ಲಿ ಯಾರೂ ಹಮಾಲಿ ಅಂದುಕೊಳ್ಳುತ್ತಿರಲಿಲ್ಲ ಅನ್ನಿ. ಪಿಎಚ್.ಡಿ. ಮಾಡಿದವರೂ ಬಂದು ಚೀಲದ ಇನ್ನೊಂದು ತುದಿ ಹಿಡಿಯುತ್ತಿದ್ದರು.

ಅದು 1979ರ ಮಳೆಗಾಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಪ್ರಯೋಗ ಶುರುವಾಗಿದ್ದು 1973ರಲ್ಲಿ. 73, 74, 76ರಲ್ಲಿ ಹಾರಿ, ಆಮೇಲೆ ಎರಡು ವರ್ಷ ನಿಂತು, 79ರಲ್ಲಿ ಮತ್ತೆ ಹಿಡಿದಿದ್ದರು. ಅಲ್ಲಿಂದ 1986ರವರೆಗೆ ಒಂದು ಮಳೆಗಾಲವೂ ತಪ್ಪಲಿಲ್ಲ. ಒಟ್ಟು 11 ಮಳೆಗಾಲ, ಅದರಲ್ಲಿ ಕೊನೆಯ ಎಂಟಕ್ಕೆ ನಾನಿದ್ದೆ.

ನಾನು ಬಿಜಾಪುರದ ಕಡೆಯವನು. 1972ರ ಬರದಲ್ಲಿ ನನಗೆ ಹದಿನೈದು ವರ್ಷ. ಅವ್ವ ಬರಗಾಲದ ಕಾಮಗಾರಿಗೆ ಹೋಗಿ ಜಲ್ಲಿ ಒಡೆಯುತ್ತಿದ್ದಳು. ನಾವು ಹುಡುಗರು ರೊಟ್ಟಿ ಹಂಚಿನ ಮೇಲೆ ಸೆಗಣಿಯ ಗುರ್ಜಿ ಕೂರಿಸಿಕೊಂಡು ಮನೆಮನೆಗೆ ಹೋಗುತ್ತಿದ್ದೆವು. ಕುಡಿಯಲು ನೀರಿಲ್ಲದಿದ್ದರೂ ಹೆಂಗಸರು ಒಂದು ತಂಬಿಗೆ ತಂದು ಹೊತ್ತವನ ತಲೆಯ ಮೇಲೆ ಸುರಿಯುತ್ತಿದ್ದರು. ಅಂಥ ಊರಿಗೆ ಹೋಗಿ 'ಮೋಡಕ್ಕೆ ಉಪ್ಪು ಹಾಕೋ ನೌಕರಿ' ಅಂದರೆ ನಗದೆ ಇರುತ್ತಾರೆಯೇ? ಅಪ್ಪ ಮಾತ್ರ ನಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ, "ಉಪ್ಪಽ ಯಾಕ?" ಅಂದ. ಅಪ್ಪನ ಪ್ರಶ್ನೆಗಳು ಯಾವಾಗಲೂ ಹಾಗೆ, ನೆಟ್ಟಗೆ ಬುಡಕ್ಕೇ ಬರುತ್ತಿದ್ದವು.

ಉಪ್ಪೇ ಏಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1946ರ ನವೆಂಬರ್ 13ರಂದು ಅಮೆರಿಕದ ವಿನ್ಸೆಂಟ್ ಶೇಫರ್ ಚಿಕ್ಕ ವಿಮಾನವೊಂದರಲ್ಲಿ ಕೂತು ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಲಾಕ್ ಬೆಟ್ಟದ ಮೇಲಿನ ಮೋಡಕ್ಕೆ ಮೂರು ಕಿಲೋದಷ್ಟೂ ಇಲ್ಲದ ಒಣ ಮಂಜುಗಡ್ಡೆಯ ಚೂರು ಉದುರಿಸಿದ. ಮೋಡದ ಕೆಳಗೆ ಹಿಮದ ಎಳೆಗಳು ಇಳಿದವು. ಅದೇ ತಿಂಗಳು, ಅದೇ ಪ್ರಯೋಗಾಲಯದ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೊಡೈಡ್‌ನಿಂದಲೂ ಅದೇ ಕೆಲಸ ಆಗುತ್ತದೆ ಎಂದು ಕಂಡುಕೊಂಡ. ಮೋಡ ಬಿತ್ತನೆ ಅಂದರೆ ಸಿಲ್ವರ್ ಅಯೊಡೈಡ್ ಎಂದು ಇವತ್ತಿಗೂ ಜನ ಹೇಳುವುದು ಅಲ್ಲಿಂದ ಬಂದದ್ದು. ಆದರೆ ಆ ಎರಡೂ ಕೆಲಸ ಮಾಡುವುದು ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ಉಳಿದ ನೀರಿನ ಮೋಡದಲ್ಲಿ. ನಮ್ಮ ಮುಂಗಾರಿನಲ್ಲಿ ಸೊನ್ನೆ ಡಿಗ್ರಿಯ ಗೆರೆ ಐದು ಕಿಲೋಮೀಟರಿಗಿಂತ ಮೇಲಿರುತ್ತದೆ. ದಖ್ಖನಿನ ಮೇಲೆ ನಾವು ಹುಡುಕಿಕೊಂಡು ಹೋಗುತ್ತಿದ್ದ ಮೋಡಗಳ ತಲೆ ಅಲ್ಲಿಯವರೆಗೆ ಏರುತ್ತಲೇ ಇರಲಿಲ್ಲ. ಬುಡದಿಂದ ತಲೆಯವರೆಗೆ ಬೆಚ್ಚಗಿನ ಮೋಡ. ಅದಕ್ಕೆ ಸಿಲ್ವರ್ ಅಯೊಡೈಡ್ ಹಾಕಿದರೂ ಒಂದೇ, ಬೂದಿ ಹಾಕಿದರೂ ಒಂದೇ.

ಬೆಚ್ಚಗಿನ ಮೋಡದ ಕಷ್ಟ ಬೇರೆ. ಅದರೊಳಗೆ ನೀರಿದೆ, ಆದರೆ ಎಲ್ಲ ಸಮಸಮ ಗಾತ್ರದ ಪುಟ್ಟ ಕಣ. ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟಿರುವ ಹತ್ತು ಲಕ್ಷ ಕಣ ಸೇರಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿ. ಎಲ್ಲವೂ ಒಂದೇ ಗಾತ್ರವಾದರೆ ಒಂದೇ ವೇಗದಲ್ಲಿ ತೇಲುತ್ತವೆ, ಒಂದಕ್ಕೊಂದು ತಗಲುವುದಿಲ್ಲ. ನಡುವೆ ನಾಲ್ಕು ದಪ್ಪ ಕಣ ಇದ್ದರೆ ಅವು ಬೇಗ ಇಳಿಯುತ್ತಾ ದಾರಿಯಲ್ಲಿ ಸಿಕ್ಕವನ್ನೆಲ್ಲ ನುಂಗಿ ಬೆಳೆಯುತ್ತವೆ. ಆ ನಾಲ್ಕು ದಪ್ಪ ಕಣಗಳನ್ನು ಹುಟ್ಟಿಸುವುದಕ್ಕೆ ಉಪ್ಪು. ಮಳೆಗಾಲದಲ್ಲಿ ಅಡುಗೆ ಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ಲ, ಅಷ್ಟೇ ವಿದ್ಯೆ. ಅಪ್ಪನಿಗೆ ಹಾಗೇ ಹೇಳಿದೆ. "ಹಂಗಂತೀ" ಅಂದು ಎಲೆ ಬಾಯಿಗಿಟ್ಟುಕೊಂಡ.

ಉಪ್ಪಿನ ಈ ದಾರಿ ಪುಣೆಯಲ್ಲಿ ಹುಟ್ಟಿದ್ದಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಮಳೆ ಮತ್ತು ಮೋಡಗಳಿಗೆಂದೇ ಒಂದು ಘಟಕವಿತ್ತು. ಅವರು 1957ರಿಂದ 66ರವರೆಗೆ ದೆಹಲಿ, ಆಗ್ರಾ, ಜೈಪುರಗಳಲ್ಲಿ ನೆಲದ ಮೇಲಿಂದಲೇ ಉಪ್ಪು ಎರಚಿ ನೋಡಿದ್ದರು. ಮೇಲೇರುವ ಗಾಳಿ ಅದನ್ನು ಮೋಡಕ್ಕೆ ಮುಟ್ಟಿಸುತ್ತದೆ ಎಂಬ ಲೆಕ್ಕ. ನೂರಕ್ಕೆ ಸುಮಾರು 42ರಷ್ಟು ಮಳೆ ಹೆಚ್ಚಿತೆಂದು ಬರೆದರು. ಆ ಗುಂಪಿನ ರಮಣಮೂರ್ತಿಯವರೇ ಪುಣೆಗೆ ಬಂದು ವಿಮಾನದ ಪ್ರಯೋಗ ಕಟ್ಟಿದ್ದು. ಮಹಾರಾಷ್ಟ್ರದ ಆಚೆಗೂ ಹೋಗಿದ್ದರು. ನಾನು ಸೇರುವ ಮುಂಚೆ, 1975ರಲ್ಲಿ, ಲಿಂಗನಮಕ್ಕಿಯ ಜಲಾನಯನದ ಮೇಲೆ ಉಪ್ಪು ಬಿತ್ತಿ ಬಂದಿದ್ದರು. ಹಿರಿಯರೊಬ್ಬರು ಅದನ್ನು ನೆನೆಸಿಕೊಂಡಾಗಲೆಲ್ಲ ನನ್ನ ಕಡೆ ತಿರುಗಿ, "ನಿಮ್ಮ ಊರಲ್ಲಿ ಮೋಡ ಹುಡುಕೋದೇ ಬೇಡ, ಮೋಡದ ಸಂದಿಯಲ್ಲಿ ನೆಲ ಹುಡುಕಬೇಕು" ಅನ್ನುತ್ತಿದ್ದರು. ನನ್ನ ಊರಿಗೂ ಶರಾವತಿಗೂ ಎಷ್ಟು ದೂರ ಎಂದು ಅವರಿಗೆ ತಿಳಿಸಿ ಹೇಳುವ ಪ್ರಯತ್ನ ಕೆಲವು ದಿನಗಳ ನಂತರ ಬಿಟ್ಟೆ.

ಕೆಲಸದ ಮೊದಲರ್ಧ ನೆಲದ ಮೇಲೆಯೇ. ಉಪ್ಪನ್ನು ಒಣಗಿಸಿ, ಹಿಟ್ಟಿಗಿಂತ ನುಣ್ಣಗೆ ಪುಡಿ ಮಾಡಬೇಕು. ಬಹುಪಾಲು ಕಣಗಳು ಹತ್ತು ಮೈಕ್ರಾನಿನ ಆಸುಪಾಸು ಇರಬೇಕು. ದಪ್ಪವಾದರೆ ಒಂದು ಕಿಲೋದಲ್ಲಿ ಸಿಗುವ ಕಣಗಳ ಸಂಖ್ಯೆ ಇಳಿಯುತ್ತದೆ, ತೀರಾ ಸಣ್ಣದಾದರೆ ಮೋಡದಲ್ಲಿ ಆಗಲೇ ಇರುವ ಲಕ್ಷಾಂತರ ಪುಟ್ಟ ಕಣಗಳ ಜೊತೆ ಇನ್ನಷ್ಟು ಸೇರಿಸಿದಂತೆ. ಅಷ್ಟು ನುಣ್ಣಗಿನ ಉಪ್ಪು ಪುಣೆಯ ಜುಲೈ ಗಾಳಿಯಲ್ಲಿ ಅರ್ಧ ಗಂಟೆ ಪುಡಿಯಾಗಿ ಉಳಿಯುವುದಿಲ್ಲ. ಅದಕ್ಕೇ ಹತ್ತು ಪಾಲು ಉಪ್ಪಿಗೆ ಒಂದು ಪಾಲು ಬಳಪದ ಕಲ್ಲಿನ ಪುಡಿ ಬೆರೆಸುತ್ತಿದ್ದೆವು. ಹೌದು, ಬೇಲೂರು ಹಳೇಬೀಡಿನ ಕಲ್ಲು. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪದ ಪುಡಿ ಕೈಗೆ ಹೇಗೆ ಜಾರುತ್ತದೆ, ನೆನಪಿದೆಯಲ್ಲ? ಆ ಜಾರುವ ಗುಣಕ್ಕಾಗಿಯೇ. ಉಪ್ಪು ಒಂದಕ್ಕೊಂದು ಅಂಟದಂತೆ ಅದು ನಡುವೆ ಕೂರುತ್ತದೆ.

ಇಷ್ಟಾದರೂ ಎರಡನೇ ವರ್ಷ ನಾನೇ ಒಂದು ಎಡವಟ್ಟು ಮಾಡಿದೆ. ಹಿಂದಿನ ರಾತ್ರಿ ಮೂರು ಚೀಲಗಳ ಬಾಯಿ ಕಟ್ಟುವಾಗ ಪ್ಲಾಸ್ಟಿಕ್ಕನ್ನು ಎರಡು ಸುತ್ತು ಮಡಚಬೇಕಿತ್ತು, ಒಂದೇ ಸುತ್ತು ಮಡಚಿದ್ದೆ. ಮಾರನೆಯ ದಿನ ಮೇಲೆ ಹೋಗಿ ಸುರಿಯುತ್ತೇವೆ, ಚೀಲದಿಂದ ಬಂದದ್ದು ಹೆಂಟೆ. ಆಲಿಕೆಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಕೋಲಿನಿಂದ ಚುಚ್ಚಿದೆವು, ಕೈ ಹಾಕಿದೆವು, ವಿಮಾನ ಕುಲುಕುತ್ತಿತ್ತು, ಕಟ್ಟಿದ ಉಪ್ಪು ಅಲುಗಲಿಲ್ಲ. ಅಷ್ಟರಲ್ಲಿ ಎದುರಿಗಿದ್ದ ಒಳ್ಳೆಯ ಮೋಡ ದಾಟಿ ಹೋಯಿತು. ಇಳಿದ ಮೇಲೆ ಯಾರೂ ಬೈಯಲಿಲ್ಲ. ರಿಜಿಸ್ಟರಿನಲ್ಲಿ 'ಪುಡಿ ಗಟ್ಟಿಯಾಗಿ ಬಿತ್ತನೆ ಅರ್ಧಕ್ಕೆ ನಿಂತಿತು' ಎಂದು ನನ್ನ ಕೈಯಿಂದಲೇ ಬರೆಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಹಾರುವುದು ಲೋಹಗಾಂವ್ ನಿಲ್ದಾಣದಿಂದ. ಬೆಳಿಗ್ಗೆಯಿಂದ ಕಾಯಬೇಕು. ಬಿಸಿಲೇರಿ ಮೋಡ ಮೊಳೆಯುವುದು ಮಧ್ಯಾಹ್ನದ ಹೊತ್ತಿಗೆ. ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದೆ, ಮರಾಠಿ ಗೆಳೆಯರು ಭಾಕರಿ, ಠೇಚಾ. ಅದೇ ಜೋಳ, ಅದೇ ಖಾರ. ಹಾರುವ ಮುಂಚೆ ಹೊಟ್ಟೆ ತುಂಬ ತಿನ್ನಬಾರದು, ಖಾಲಿ ಹೊಟ್ಟೆಯಲ್ಲೂ ಹೋಗಬಾರದು ಎಂಬುದನ್ನು ಮೊದಲ ಹಾರಾಟದಲ್ಲೇ ಕಲಿತೆ. ಹೇಗೆ ಕಲಿತೆ ಎನ್ನುವ ವಿವರ ಬೇಡ.

ಎರಡು ಎಂಜಿನ್ನುಗಳು ಕೆಮ್ಮಿ, ಬಿಳಿ ಹೊಗೆ ಉಗುಳಿ, ಹತ್ತಿಕೊಳ್ಳುತ್ತವೆ. ಪೂರ್ವಕ್ಕೆ ತಿರುಗಿದರೆ ಕೆಳಗೆ ಭೀಮಾ ನದಿ. ನಮ್ಮೂರ ಕಡೆ ಹರಿದು ಬರುವ ಅದೇ ಭೀಮೆ, ಇಲ್ಲಿ ಇನ್ನೂ ಹುಡುಗಿ. ಘಟ್ಟದ ಹಸಿರು ಹಿಂದೆ ಸರಿದು, ದೌಂಡ್ ಬರುವ ಹೊತ್ತಿಗೆ ನೆಲ ಕಂದು. ಘಟ್ಟವೇ ಮಳೆಯನ್ನೆಲ್ಲ ತಡೆದು ಇಟ್ಟುಕೊಂಡ ಮೇಲೆ ಉಳಿದ ಒಣ ಮೋಡಗಳ ಸೀಮೆ ಅದು. ದೌಂಡ್, ಬಾರಾಮತಿ ಸುತ್ತಿನ 4800 ಚದರ ಕಿಲೋಮೀಟರ್ ನಮ್ಮ ಹೊಲ.

ಮೋಡದ ಬುಡದಿಂದ ಇನ್ನೂರು ಮುನ್ನೂರು ಮೀಟರ್ ಮೇಲೆ ಒಳಗೆ ನುಗ್ಗುತ್ತಿದ್ದೆವು. ಕಿಟಕಿಯಲ್ಲಿ ರೆಕ್ಕೆಯ ತುದಿ ಮೊದಲು ಮಾಯವಾಗುತ್ತದೆ, ಆಮೇಲೆ ಎಂಜಿನ್ನು. ವಿಮಾನ ಒಮ್ಮೆ ಎತ್ತಿ ಒಗೆದಂತೆ ಮೇಲೇಳುತ್ತದೆ. ಆ ಎಳೆತವೇ ನಮಗೆ ಬೇಕಾದದ್ದು. ಮೇಲೇರುವ ಗಾಳಿ ಸಿಕ್ಕಿತೆಂದು ಮುಂದಿನಿಂದ ಕೂಗು ಬಂದ ಕೂಡಲೇ ಇಬ್ಬರು ಆಲಿಕೆಗೆ ಪುಡಿ ಸುರಿಯುತ್ತಿದ್ದೆವು, ಹೊರಗಿನ ಗಾಳಿ ಅದನ್ನು ಎಳೆದುಕೊಳ್ಳುತ್ತಿತ್ತು. ಸ್ವಲ್ಪ ಒಳಗೇ ಹಾರುತ್ತಿತ್ತು. ತುಟಿ ಉಪ್ಪು, ರೆಪ್ಪೆ ಉಪ್ಪು, ಬೆವರಿಗೆ ಇಳಿದು ಕಂಕುಳೆಲ್ಲ ಉರಿ. ಇಳಿದ ಮೇಲೆ ಮೊದಲು ಸ್ನಾನ ವಿಮಾನಕ್ಕೆ, ಆಮೇಲೆ ನಮಗೆ. ಅಲ್ಯೂಮಿನಿಯಂ ಮೈಗೆ ಉಪ್ಪು ಹಗೆ, ಒಂದು ಸಂದಿ ಬಿಡದೆ ನೀರು ಹೊಡೆದು ತೊಳೆಯಬೇಕು.

ಮೋಡದಲ್ಲಿ ಎಷ್ಟು ನೀರಿದೆ ಎಂದು ನೋಡುವುದಕ್ಕೆ ಹೊರಗೆ ಕಾಯಿಸಿದ ತಂತಿಯ ಒಂದು ಮೀಟರ್ ಇರುತ್ತಿತ್ತು. ನೀರಿನ ಕಣ ಬಿದ್ದಷ್ಟೂ ತಂತಿ ತಣ್ಣಗಾಗುತ್ತದೆ, ಅದರ ವಿದ್ಯುತ್ ತಡೆ ಬದಲಾಗುತ್ತದೆ, ಮುಳ್ಳು ಓಡುತ್ತದೆ. ಒಂದು ಘನ ಮೀಟರಿಗೆ ಅರ್ಧ ಗ್ರಾಂ ತೋರಿಸಿದರೆ ನಮಗೆ ಖುಷಿ. ಮೋಡ ಅಂದರೆ ಮೇಲೆ ಕೆರೆ ತೇಲುತ್ತಿದೆ ಎಂದುಕೊಳ್ಳುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ತುಂಬ ಆ ಮೋಡ ತುಂಬಿಸಿದರೆ ಸಿಗುವ ನೀರು ಒಂದು ದೊಡ್ಡ ಚಮಚೆ.

ನನಗೆ ಪ್ರೀತಿಯ ಕೆಲಸ ಗಾಜಿನ ಪಟ್ಟಿಗಳದ್ದು. ಮೆಗ್ನೀಸಿಯಂ ಪಟ್ಟಿಯೊಂದನ್ನು ಹೊತ್ತಿಸಿ, ಕಣ್ಣು ಕೋರೈಸುವ ಆ ಬೆಳಕಿನ ಮೇಲೆ ಚಿಕ್ಕ ಗಾಜು ಹಿಡಿದರೆ ಬಿಳಿ ಹೊಗೆ ಅದರ ಮೇಲೆ ಕೂರುತ್ತದೆ. ತೆಳ್ಳಗೆ, ಸಮವಾಗಿ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ. ಉಸಿರು ತಗಲಿದರೂ ಕೆಡುತ್ತದೆ. ಮೋಡದೊಳಗೆ ಹೋದಾಗ ಸ್ಪ್ರಿಂಗ್ ಬಿಗಿದ ಒಂದು ಕೊಳವೆಯಲ್ಲಿ ಅದನ್ನು ಹೊರಗೆ ಚಾಚಿ, ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದೆ ಸೀಳು ತೆರೆದು ಮುಚ್ಚಬೇಕು. ಒಳಗೆ ಎಳೆದುಕೊಂಡರೆ ಬರಿಗಣ್ಣಿಗೆ ಏನೂ ಕಾಣದು. ರಾತ್ರಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬಿಳಿಯ ಮೇಲೆಲ್ಲ ಕುಳಿಗಳು. ಬೇಸಿಗೆ ಮುಗಿಯುವಾಗ ದೂಳಿನ ಅಂಗಳದಲ್ಲಿ ಮೊದಲ ನಾಲ್ಕು ಹನಿ ಬಿದ್ದಾಗ ಆಗುತ್ತವಲ್ಲ, ಥೇಟ್ ಹಾಗೆ. ಕುಳಿಯ ಅಗಲ ಅಳೆದು 0.86ರಿಂದ ಗುಣಿಸಿದರೆ ಬಿದ್ದ ಕಣದ ಅಗಲ. ಒಂದು ಗಾಜಿನಲ್ಲಿ ನೂರಾರು ಕುಳಿ, ಒಂದು ಹಾರಾಟಕ್ಕೆ ಹಲವು ಗಾಜು. ಬಿತ್ತುವ ಮುಂಚಿನದ್ದು, ಬಿತ್ತಿದ ಮೇಲಿನದ್ದು. ಎಣಿಸಿ ಎಣಿಸಿ ಕಣ್ಣು ಮುಚ್ಚಿದರೂ ಕುಳಿ ಕಾಣುತ್ತಿದ್ದವು. ಬಿತ್ತಿದ ಮೇಲಿನ ಗಾಜಿನಲ್ಲಿ ಎಲ್ಲೋ ಒಂದು ಕಡೆ ಮಿಕ್ಕವಕ್ಕಿಂತ ಎರಡು ಮೂರು ಪಟ್ಟು ಅಗಲದ ಕುಳಿ ಸಿಕ್ಕಿತೆಂದರೆ, ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಪಕ್ಕದ ಮೇಜಿನವನನ್ನು ಕರೆದು ತೋರಿಸುತ್ತಿದ್ದೆ. ನಾವು ಸುರಿದ ಉಪ್ಪೇ ಅದನ್ನು ಬೆಳೆಸಿತು ಎಂದು ಆ ಕ್ಷಣ ಅನಿಸುತ್ತಿತ್ತು. ಅನಿಸಿಕೆಯನ್ನು ರಿಜಿಸ್ಟರಿನಲ್ಲಿ ಬರೆಯುವ ಹಾಗಿಲ್ಲ.

ಇನ್ನು ಚೀಟಿಯ ಮಾತು. ಈ ಕೆಲಸದಲ್ಲಿ ನಿಜವಾಗಿ ಕಷ್ಟದ್ದು ಉಪ್ಪಲ್ಲ, ಹಾರಾಟವಲ್ಲ, ಚೀಟಿ.

ನಮ್ಮ ಆ 4800 ಚದರ ಕಿಲೋಮೀಟರನ್ನು ಮೂರು ಪಟ್ಟಿ ಮಾಡಿದ್ದರು. ಉತ್ತರದ್ದು, ದಕ್ಷಿಣದ್ದು, ನಡುವೆ ಒಂದು. ಒಂದೊಂದೂ 1600. ನಡುವಿನದನ್ನು ಎಂದೂ ಬಿತ್ತುವುದಿಲ್ಲ. ಒಂದು ಕಡೆಯ ಉಪ್ಪು ಇನ್ನೊಂದು ಕಡೆ ಸೋರದಂತೆ ಅದು ಬದು. ಉಳಿದ ಎರಡರಲ್ಲಿ ಇವತ್ತು ಯಾವುದಕ್ಕೆ ಎಂಬುದನ್ನು ನಾವು ಆರಿಸುವಂತಿಲ್ಲ. ಕುರುಡಾಗಿ ಎತ್ತಿ ಮೊದಲೇ ಮಾಡಿಟ್ಟ ಪಟ್ಟಿಯೊಂದು ಹೇಳುತ್ತಿತ್ತು. ಅದರಿಂದ ದಿನಕ್ಕೊಂದರಂತೆ ಬರುವ ಆಜ್ಞೆಗೆ ನಾವು ಚೀಟಿ ಅನ್ನುತ್ತಿದ್ದೆವು. ಉತ್ತರ ಎಂದು ಬಂದರೆ ಉತ್ತರ, ಅಷ್ಟೇ.

ಏಕೆ ಹೀಗೆ? ಸಂತೆಯಲ್ಲಿ ಪಾಸಂಗ ಇರುವ ತಕ್ಕಡಿ ಸಿಕ್ಕರೆ ಏನು ಮಾಡುತ್ತೀರಿ? ಸಾಮಾನನ್ನು ಒಮ್ಮೆ ಈ ತಟ್ಟೆಯಲ್ಲಿಟ್ಟು ತೂಗಿ, ಮತ್ತೆ ಆ ತಟ್ಟೆಗೆ ಬದಲಿಸಿ ತೂಗಿದರೆ ತಕ್ಕಡಿಯ ಮೋಸ ಒಂದಕ್ಕೊಂದು ವಜಾ ಆಗಿ ಸಾಮಾನಿನ ನಿಜ ತೂಕ ಸಿಗುತ್ತದೆ. ಉತ್ತರದ ಪಟ್ಟಿಗೆ ತಾನಾಗಿಯೇ ಸ್ವಲ್ಪ ಹೆಚ್ಚು ಮಳೆ ಬೀಳಬಹುದು, ಈ ವರ್ಷ ಒಳ್ಳೆಯದು, ಬರುವ ವರ್ಷ ಕೆಟ್ಟದ್ದು ಆಗಬಹುದು. ಆದರೆ ಒಂದೇ ದಿನದ ಎರಡು ಪಟ್ಟಿಗಳನ್ನು ಹೋಲಿಸಿ, ಕೆಲವು ದಿನ ಇದನ್ನು, ಕೆಲವು ದಿನ ಅದನ್ನು ಬಿತ್ತಿದರೆ, ಆ ಪಾಸಂಗವೆಲ್ಲ ಕಳೆದು ಉಪ್ಪಿನ ತೂಕ ಮಾತ್ರ ಉಳಿಯುತ್ತದೆ. ಹೇಳುವುದಕ್ಕೆ ಚೆನ್ನ.

1982 ಇರಬೇಕು, ನನಗೆ ಇಸವಿ ಅಷ್ಟು ಗಟ್ಟಿಯಿಲ್ಲ, ಆಶ್ಲೇಷ ಮಳೆಯ ದಿನಗಳು ಅನ್ನುವುದು ಗಟ್ಟಿ. ಹತ್ತು ದಿನದಿಂದ ಹನಿ ಇರಲಿಲ್ಲ. ಆ ದಿನದ ಚೀಟಿ ಉತ್ತರ. ಉತ್ತರದಲ್ಲಿ ಇದ್ದವು ನಾಲ್ಕು ಹತ್ತಿಯ ಎಳೆ. ದಕ್ಷಿಣಕ್ಕೆ ನೋಡಿದರೆ ಹೂಕೋಸಿನ ಹಾಗೆ ಉಬ್ಬಿ ಉಬ್ಬಿ ಏರುತ್ತಿದ್ದ ಮೋಡಗಳು, ಬುಡ ಕಪ್ಪು. ಅವುಗಳ ಕೆಳಗಿನ ಊರುಗಳಲ್ಲಿ ಸಜ್ಜೆಯ ಪೈರು ಸುರುಳಿ ಸುತ್ತಿದ್ದನ್ನು ಹಿಂದಿನ ವಾರ ಜೀಪಿನಲ್ಲಿ ಹೋದಾಗ ನೋಡಿ ಬಂದಿದ್ದೆ. ತಡೆಯಲಾಗದೆ, "ಸರ್, ಎರಡೇ ಚೀಲ ಅಲ್ಲಿ ಹಾಕೋಣ, ಬರೆಯೋದು ಬೇಡ" ಅಂದೆ. ಮುಂದೆ ಕೂತಿದ್ದ ಹಿರಿಯರು ತಿರುಗಿಯೂ ನೋಡಲಿಲ್ಲ. "ಹಾಕು. ಇಳಿದ ಮೇಲೆ 73ರಿಂದ ಇರುವ ಕಾಗದಕ್ಕೆಲ್ಲ ನೀನೇ ಕಡ್ಡಿ ಗೀರು" ಅಂದರು. ಹಾಕಲಿಲ್ಲ. ಉತ್ತರದ ಹತ್ತಿಯ ಎಳೆಗಳ ಸುತ್ತ ಎರಡು ಸುತ್ತು ಹೊಡೆದು, ಅಲ್ಲಿದ್ದುದರಲ್ಲೇ ದಪ್ಪದ್ದೊಂದಕ್ಕೆ ಉಪ್ಪು ಸುರಿದು ಮರಳಿದೆವು. ಹಿಂದಿರುಗುವಾಗ ಎಡಗಿಟಕಿಯ ತುಂಬ ಆ ದಕ್ಷಿಣದ ಮೋಡಗಳು. ಅವು ಮಳೆ ಕೊಟ್ಟವೋ ಇಲ್ಲವೋ ಎಂದು ಮಾರನೆಯ ದಿನ ಎಂಟೂವರೆಯ ಮಳೆಮಾಪಕದ ಲೆಕ್ಕ ಬರುವವರೆಗೆ ನಿದ್ದೆ ಬರಲಿಲ್ಲ. ಕೊಟ್ಟಿದ್ದವು. ನಮ್ಮ ಉಪ್ಪಿಲ್ಲದೆ. ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು.

ಮಳೆಮಾಪಕಗಳು ಹಳ್ಳಿಗಳಲ್ಲಿ. ಹಾರಾಟವಿಲ್ಲದ ದಿನ ಅವನ್ನು ನೋಡಿ ಬರುವ ಪಾಳಿ ನನ್ನದು. ದೌಂಡಿನ ಆಚೆಯ ಒಂದು ಹಳ್ಳಿಯಲ್ಲಿ ಮಾಪಕದ ಪಕ್ಕದ ಹೊಲದ ಅಜ್ಜನೊಬ್ಬ ನಮ್ಮ ಜೀಪು ಕಂಡರೆ ಬೇಲಿಯವರೆಗೆ ಬರುತ್ತಿದ್ದ. ಅವನದು ಯಾವಾಗಲೂ ಒಂದೇ ಮಾತು: "ವಿಮಾನ ಆಲಂ ಕೀ ಢಗ ಪಳತಾತ." ವಿಮಾನ ಬಂತು ಅಂದರೆ ಮೋಡ ಓಡಿಹೋಗುತ್ತವೆ. ಸಿಟ್ಟಿನಿಂದಲ್ಲ, ಎತ್ತಿಗೆ ಕಾಲು ನೋವು ಎನ್ನುವಷ್ಟು ಸಹಜವಾಗಿ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಮೋಡ ಹುಟ್ಟಿ ಸಾಯುವುದಕ್ಕೆ ಅರ್ಧ ಮುಕ್ಕಾಲು ಗಂಟೆ, ವಿಮಾನ ಬರಲಿ ಬಿಡಲಿ ಅದು ಕರಗುತ್ತದೆ, ಅಜ್ಜ ವಿಮಾನ ಬಂದ ದಿನ ಮಾತ್ರ ತಲೆಯೆತ್ತಿ ನೋಡುತ್ತಾನೆ ಎಂದು ನಮ್ಮ ನಮ್ಮೊಳಗೆ ವಿವರಿಸಿಕೊಳ್ಳುತ್ತಿದ್ದೆವು.

ಲೆಕ್ಕ ಬಂದಾಗ ನಗು ಅರ್ಧ ನಿಂತಿತು. ಮೋಡಗಳನ್ನು ದಪ್ಪ ಮತ್ತು ತೆಳು ಎಂದು ಬೇರೆ ಮಾಡಿ ನೋಡಿದಾಗ, ಬುಡದಿಂದ ತಲೆಗೆ ಒಂದು ಕಿಲೋಮೀಟರಿಗೆ ಮೇಲ್ಪಟ್ಟು, ಘನ ಮೀಟರಿಗೆ ಅರ್ಧ ಗ್ರಾಮಿಗಿಂತ ಹೆಚ್ಚು ನೀರಿದ್ದವು ಉಪ್ಪಿಗೆ ಒಲಿದಿದ್ದವು. ಅದಕ್ಕಿಂತ ತೆಳುವಾದವುಗಳಲ್ಲಿ ಫಲ ತಿರುಗುಮುರುಗು. ಬಿತ್ತಿದ್ದೇ ಕರಗುವುದಕ್ಕೆ ದಾರಿಯಾದ ಹಾಗೆ. ಆ ಹತ್ತಿಯ ಎಳೆಗಳು ನೆನಪಾದವು. ಅಜ್ಜ ಎಲ್ಲ ದಿನ ಸರಿಯಿರಲಿಲ್ಲ, ಆದರೆ ಕೆಲವು ದಿನ ಖಂಡಿತ ಸರಿಯಿದ್ದ. ಅಷ್ಟು ಹೇಳುವುದಕ್ಕೆ ಅವನಿಗೆ ಬೇಕಾದದ್ದು ಬೇಲಿಗೆ ಒರಗಿದ ಒಂದು ಮಧ್ಯಾಹ್ನ, ನಮಗೆ ಹತ್ತು ವರ್ಷ.

11 ಮಳೆಗಾಲ, 160 ಪ್ರಯೋಗದ ದಿನಗಳು. ಎಲ್ಲ ಕೂಡಿ ಕಳೆದು ಬಂದ ಸಂಖ್ಯೆ 24. ಅಂದರೆ ಬಿತ್ತಿದ ಕಡೆ ನೂರಕ್ಕೆ 24ರಷ್ಟು ಹೆಚ್ಚು ಮಳೆ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇದೆ, ಜನ ಅದನ್ನು ಓದುವುದಿಲ್ಲ: 4. ಉಪ್ಪಿಗೆ ಯಾವ ಗುಣವೂ ಇಲ್ಲದೆ, ಬರೀ ಚೀಟಿಯ ಅದೃಷ್ಟದಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಕಾಣುವ ಸಂಭವ ನೂರಕ್ಕೆ ನಾಲ್ಕು. ಮಳೆಹನಿಯಲ್ಲಿ ಸೋಡಿಯಂ, ಕ್ಲೋರೈಡ್ ಹೆಚ್ಚಿದ್ದನ್ನೂ ಅಳೆದಿದ್ದರು. ಹಾಕಿದ ಉಪ್ಪು ಮಳೆಯಲ್ಲಿ ಕೆಳಗೆ ಬಂತು ಎಂಬುದಕ್ಕೆ ಅದು ಸಾಕ್ಷಿ. ಅದರಿಂದಲೇ ಮಳೆ ಬಂತು ಎಂಬುದಕ್ಕಲ್ಲ. ಈ ವ್ಯತ್ಯಾಸವನ್ನು ಪತ್ರಿಕೆಯವರಿಗೆ ಹೇಳಿದರೆ ಮಾರನೆಯ ದಿನ 'ಉಪ್ಪಿನಿಂದ ಮಳೆ' ಎಂದು ಅಚ್ಚಾಗುತ್ತಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ದಪ್ಪ ಮೋಡಕ್ಕೆ ಉಪ್ಪು ಏನೋ ಮಾಡುತ್ತದೆ. 24 ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತಿಸಲಾರೆ. ಆದರೆ 160 ದಿನ ಚೀಟಿ ಹೇಳಿದಂತೆ ಕೇಳಿದೆವಲ್ಲ, ಅದರ ಬಗ್ಗೆ ಒಂದಿಷ್ಟು ಹೆಮ್ಮೆ ಇದೆ.

ಆಮೇಲಿನ ಕತೆ ನಾನು ಹೊರಗೆ ನಿಂತು ನೋಡಿದ್ದು. ದಕ್ಷಿಣ ಆಫ್ರಿಕಾದಲ್ಲಿ ಕಾಗದದ ಕಾರ್ಖಾನೆಯೊಂದರ ಹೊಗೆ ಸೇರಿದ ಮೋಡಗಳು ಅಕ್ಕಪಕ್ಕದವಕ್ಕಿಂತ ದಪ್ಪ ಹನಿ ಸುರಿಸುವುದನ್ನು ಗ್ರೇಮ್ ಮ್ಯಾಥರ್ ಎಂಬ ವಿಜ್ಞಾನಿ ಗಮನಿಸಿದ. ಅಲ್ಲಿಂದ ಉಪ್ಪನ್ನು ಚೀಲದಲ್ಲಿ ಹೊರುವ ಬದಲು ರೆಕ್ಕೆಗೆ ಕಟ್ಟಿದ ಕಡ್ಡಿಯಲ್ಲಿ ಸುಡುವ ಪದ್ಧತಿ ಬಂತು. ಪಟಾಕಿಯ ಹಾಗೆ ಹೊತ್ತಿಸಿದರೆ ಆಯಿತು, ಯಾರ ಕಂಕುಳೂ ಉರಿಯುವುದಿಲ್ಲ. ಕರ್ನಾಟಕದಲ್ಲಿ 2003ರಲ್ಲಿ ಸರ್ಕಾರ 'ವರುಣ' ಎಂದು ಹೆಸರಿಟ್ಟು ಬಿತ್ತಿಸಿತು, 2017ರಲ್ಲಿ 'ವರ್ಷಧಾರೆ'. ಅವು ಬರಪರಿಹಾರದ ಹಾರಾಟಗಳು, ಕಂಡ ಒಳ್ಳೆಯ ಮೋಡವನ್ನೆಲ್ಲ ಬಿತ್ತುವುದೇ ಅವುಗಳ ಕೆಲಸ. ಊರಿನಿಂದ ಫೋನು ಮಾಡಿ, "ಬಂದ ಮಳಿ ಅವರದೋ ದೇವರದೋ, ನೀ ಹೇಳೋ" ಎಂದು ಕೇಳುತ್ತಿದ್ದರು. ಬಿತ್ತದೆ ಬಿಟ್ಟ ಮೋಡ ಎಲ್ಲಿದೆ ಎಂದು ತೋರಿಸಿದರೆ ಹೇಳಿಯೇನು ಅನ್ನುತ್ತಿದ್ದೆ. ತಪ್ಪಿಸಿಕೊಳ್ಳುವ ಮಾತು ಎಂದುಕೊಂಡರು. ನಮ್ಮ ಹಳೆಯ ಸಂಸ್ಥೆಯವರು ಮಾತ್ರ 2009ರಿಂದ ಮತ್ತೆ ಹಾರಿ, ಸೋಲಾಪುರದ ಮೇಲೆ ಬಿತ್ತಿದ ಮೋಡ, ಬಿಟ್ಟ ಮೋಡ ಎರಡನ್ನೂ ಎಣಿಸಿ, 276 ಮೋಡಗಳ ಲೆಕ್ಕ ಕೊಟ್ಟರು. ಗಾಳಿಯ ಕೆಳಬದಿಯ ನೂರು ಚದರ ಕಿಲೋಮೀಟರಿನಲ್ಲಿ ಸುಮಾರು ನೂರಕ್ಕೆ 18 ಹೆಚ್ಚು ಎಂದು. ಅದನ್ನು ಓದಿದ ದಿನ ಆ ಗಾಜಿನ ಪಟ್ಟಿಗಳು ನೆನಪಾದವು. ಈಗ ಅದನ್ನೆಲ್ಲ ರೆಕ್ಕೆಯ ಕೆಳಗಿನ ಲೇಸರ್ ಎಣಿಸುತ್ತದೆ.

ಪ್ರಯೋಗ 1986ಕ್ಕೆ ಮುಗಿದಿತ್ತು. ಮರುವರ್ಷವೇ, 1987ರಲ್ಲಿ, ದೇಶಕ್ಕೆಲ್ಲ ಭಾರಿ ಬರ. ಪುಷ್ಯ ಮಳೆಯ ದಿನಗಳಲ್ಲಿ ಊರಿಗೆ ಹೋಗಿದ್ದೆ. ಅಪ್ಪನಿಗೆ ಆಗಲೇ ಕಣ್ಣು ಮಂಜು. ಹೊಲದ ಬದುವಿನ ಮೇಲೆ ಇಬ್ಬರೂ ಕೂತಿದ್ದೆವು. ಅಪ್ಪ ಎರಡು ಬೆರಳು ನೆಲಕ್ಕೆ ತುರುಕಿ, ಎಳೆದು, ಒಣ ಮಣ್ಣು ಉಜ್ಜಿ ಚೆಲ್ಲಿದ. ಮಳೆ ಬಂದರೆ ಅವನು ಅಳೆಯುತ್ತಿದ್ದದ್ದು ಹಾಗೆಯೇ, ಎಷ್ಟು ಗೇಣು ಹಸಿಯಾಯಿತು ಎಂದು.

"ನಿಂದು ಇಪ್ಪತ್ನಾಕು ಅಂದ್ರ ಎಷ್ಟು ಗೇಣು ಹಸಿ ಆಗತೈತೋ?"

ಬೀಳುವ ಮಳೆಯ ಮೇಲೆ ಇಪ್ಪತ್ನಾಲ್ಕು, ಬೀಳದಿದ್ದರೆ ಏನೂ ಇಲ್ಲ ಅಂದೆ. ಅಪ್ಪ ತಲೆಯಾಡಿಸಿದ. ಪಡುವಣದಿಂದ ಬಿಳಿ ಮೋಡಗಳು ಸಾಲಾಗಿ ಬರುತ್ತಿದ್ದವು. ಅಭ್ಯಾಸ ಬಲ, ನಾನು ಅವುಗಳ ಬುಡ, ತಲೆ ಅಳೆಯುತ್ತಿದ್ದೆ. ಐನೂರು ಮೀಟರ್, ಹೆಚ್ಚೆಂದರೆ ಆರುನೂರು.

"ಇವಕ್ಕ ಹಾಕ್ತಿದ್ರೇನು?"

"ಇಲ್ಲಪ್ಪ. ತೆಳು ಅದಾವ. ಹಾಕಿದ್ರ ಇರೂವೂ ಹೋಗತಾವ."

"ಹಂಗಾದ್ರ ಬಿಡು" ಅಂದು ಅಪ್ಪ ಎದ್ದು, ದನಕ್ಕೆ ನೀರು ಕುಡಿಸಲು ಹೋದ.